ಹೊಲಿಗೆ ಬಿಚ್ಚುವ ತನಕ

ಮೊನ್ನೆ ತಂಗಿಯ ಮೊಮ್ಮಗಳ ಜೊತೆ ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆಗೆ ಹೋಗಿದ್ದೆ. ಸೀರೆ ಅಂಗಡಿಯೊಳಗೆ ಹೊಕ್ಕವಳು ಬೇಗ ಹೊರಬರುವ ಲಕ್ಷಣ ಕಾಣಲಿಲ್ಲ. ಆಟೋಗಳ ಗದ್ದಲಕ್ಕೆ ಸಾಕಾಗಿ ನಾನು ಪಕ್ಕದ ಅಂಗಡಿಯ ಮೆಟ್ಟಿಲ ಮೇಲೆ ಕೂತೆ. ಎದುರಿಗೆ ಒಂದು ಬಂಡಿಯ ತುಂಬ ಕಮಲಾಪುರದ ಕೆಂಪು ಬಾಳೆಹಣ್ಣು. ಬಿಸಿಲಿಗೆ ಹಣ್ಣು ಬಿರಿದು ಘಮ್ಮೆನ್ನುತ್ತಿತ್ತು. ಅಷ್ಟರಲ್ಲಿ ಅಂಗಡಿಯ ಕೆಲಸದಾಕೆ ಬಕೆಟ್ಟಿನಲ್ಲಿ ಫಿನಾಯಿಲ್ ನೀರು ತಂದು ಮೆಟ್ಟಿಲು ತೊಳೆಯತೊಡಗಿದಳು. "ಏಳ್ರೀ ಅಮ್ಮಾರ, ಕಾಲು ತೊಯ್ತಾವ" ಅಂದಳು. ನಾನು ಏಳಲಿಲ್ಲ. ಮಾಗಿದ ಕೆಂಪು ಬಾಳೆಹಣ್ಣು ಮತ್ತು ಫಿನಾಯಿಲ್… ಈ ಎರಡು ವಾಸನೆ ಒಟ್ಟಿಗೆ ಬರುತ್ತಿದ್ದ ಜಾಗ ನನಗೆ ತಿಳಿದಂತೆ ಒಂದೇ. ಅದು ಕಮಲಾಪುರದ ಡಾಕ್ಟರಬಾಯಿಯ ದವಾಖಾನೆ.

ಈ ವಯಸ್ಸಿನಲ್ಲಿ ಹಳೆಯದು ನೆನಪಾದರೆ ಕಣ್ಣು ಒದ್ದೆಯಾಗುತ್ತದೆ ಎನ್ನುತ್ತಾರೆ. ನನಗೆ ಬಂದದ್ದು ಸಿಟ್ಟು. ಇಷ್ಟು ವರ್ಷ ಕಳೆದರೂ ತಣ್ಣಗಾಗದ ಸಿಟ್ಟು. ಮೊಮ್ಮಗಳು ಬಂದು, "ಯಾಕ ಅಜ್ಜಿ, ಮಾರಿ ಹಂಗ್ಯಾಕ ಮಾಡಿದಿ?" ಎಂದು ಕೇಳಿದಾಗ ಬಿಸಿಲಿಗೆ ಅಂದೆ. ಮನೆಗೆ ಬಂದ ಮೇಲೆ ಬರೆದಿಡೋಣ ಅನ್ನಿಸಿತು.

ಡಾಕ್ಟರಬಾಯಿಗೆ ಒಂದು ಹೆಸರಿತ್ತು. ನಮ್ಮ ನಾಲಿಗೆ ಹೊರಳದ ಹೆಸರು. ಅದನ್ನು ನೆಟ್ಟಗೆ ಅನ್ನಲು ಊರಿನಲ್ಲಿ ಯಾರಿಗೂ ಬರುತ್ತಿರಲಿಲ್ಲ. ಕಡಲಾಚೆಯಿಂದ ಹಡಗಿನಲ್ಲಿ ಬಂದವರು. ವಿಲಾಯಿತಿಯವರೇನ್ರೀ ಎಂದು ಕೇಳಿದರೆ ಮುಖ ಸಿಂಡರಿಸುತ್ತಿದ್ದರು. ಅವರ ದೇಶ ಬೇರೆಯೇ. ಯಾರೋ ಇನ್ನೊಬ್ಬ ಡಾಕ್ಟರು ಕಾಯಿಲೆ ಬಿದ್ದರೆಂದು ಸ್ವಲ್ಪ ಕಾಲದ ಮಟ್ಟಿಗೆ ಮಿಷನ್ನಿನವರು ಕಳಿಸಿದ್ದರಂತೆ. ಹಾಗೆ ಬಂದವರು ತಿರುಗಿ ಹೋಗಲಿಲ್ಲ. ಬೀದರಿಗೆ ಹೋಗುವ ಸಡಕಿನ ಪಕ್ಕದಲ್ಲಿ ತಗಡು ಹೊದಿಸಿದ ಉದ್ದನೆಯ ಕೋಣೆ, ಹಿಂದೆ ಒಂದು ಹೆರಿಗೆ ಕೋಣೆ, ಮುಂದೊಂದು ಬೇವಿನ ಗಿಡ. ದವಾಖಾನೆ ಅಂದರೆ ಇಷ್ಟೇ. ವಾಸಿಯಾಗಿ ಹೋದವರು ತಮ್ಮ ತೋಟದ ಗೊನೆ ತಂದು ತೊಲೆಗೆ ಕಟ್ಟಿ ಹೋಗುತ್ತಿದ್ದರು. ಹಾಗಾಗಿ ಆ ಕೋಣೆಗೆ ಯಾವಾಗಲೂ ಬಾಳೆಹಣ್ಣಿನ ವಾಸನೆ.

ಅವರ ಕನ್ನಡದ್ದೇ ಒಂದು ಕಥೆ. ಹೆರಿಗೆ ನೋವು ತಿನ್ನುವ ಹೆಂಗಸರಿಂದ ಕಲಿತ ಕನ್ನಡ ಅದು. ರೀ ಅನ್ನುವುದು ಅವರಿಗೆ ಗೊತ್ತೇ ಇರಲಿಲ್ಲ. ಗೌಡರಿಗೂ ನೀನು, ತಹಸೀಲ್ದಾರರಿಗೂ ನೀನು. ನೋವಿನಲ್ಲಿ ಹೆಂಗಸರು ಗಂಡಂದಿರಿಗೆ ಬೈಯುವ ಬೈಗುಳಗಳೂ ಅರ್ಥ ತಿಳಿಯದೆ ಅವರ ಮಾತಿನಲ್ಲಿ ಸೇರಿಕೊಂಡಿದ್ದವು. ಒಮ್ಮೆ ದೊಡ್ಡ ವ್ಯಾಪಾರಿಯೊಬ್ಬರಿಗೆ ಮಮತೆಯಿಂದಲೇ ಅಂಥದೊಂದು ಮಾತು ಅಂದುಬಿಟ್ಟಿದ್ದರು. ಅವರು ಔಷಧಿಯ ಬಾಟಲಿ ಅಲ್ಲೇ ಬಿಟ್ಟು ಹೊರಟುಹೋದರು.

ನಾನು ಮಹಾಗಾಂವದ ಹುಡುಗಿ. ಕಮಲಾಪುರದ ಬಾಳೆತೋಟದವರ ಮನೆಗೆ ಸೊಸೆಯಾಗಿ ಬಂದೆ. ಸಂಸಾರ ಅಂದರೇನು ಎಂದು ತಿಳಿಯುವ ಮೊದಲೇ ಗಂಡ ಕಾಲರಾದಲ್ಲಿ ಹೋದರು. ಅವರ ಹಿಂದೆಯೇ ನನಗೂ ಜ್ವರ ಹತ್ತಿತು. ಮನೆಯವರು ಕೈ ಬಿಟ್ಟಿದ್ದರು. ಗಂಡನ ಅಣ್ಣ, ನಮ್ಮ ಭಾವ, ಒಬ್ಬರೇ ಬಿಡಲಿಲ್ಲ. ಬಂಡಿ ಹೂಡಿಸಿ ದವಾಖಾನೆಗೆ ಒಯ್ದವರು ಅವರೇ. ಇದನ್ನು ನಾನು ಮರೆತಿಲ್ಲ. ಮುಂದೆ ಹೇಳುವುದನ್ನೆಲ್ಲ ಇದನ್ನು ನೆನಪಿನಲ್ಲಿಟ್ಟುಕೊಂಡೇ ಹೇಳುತ್ತೇನೆ.

ಜ್ವರ ಇಳಿದು ಕಣ್ಣು ಬಿಟ್ಟಾಗ ಕೊರಳಿಗೆ ಕೈ ಹೋಯಿತು. ಲಿಂಗದ ದಾರ ಹರಿದಿತ್ತು. ನಾನು ಅಳತೊಡಗಿದೆ. ಡಾಕ್ಟರಬಾಯಿ ಬಂದು ದಿಂಬಿನ ಕೆಳಗಿನಿಂದ ಲಿಂಗದ ಕರಡಿಗೆ ತೆಗೆದು ತೋರಿಸಿದರು. "ಅಳಬ್ಯಾಡ. ನಿನ್ನ ದೇವರು ಇಲ್ಲೇ ಅದಾನ" ಅಂದರು. ಆಮೇಲೆ ಗಾಯ ಹೊಲಿಯುವ ರೇಷ್ಮೆ ದಾರ ತಂದು, ತಮಗೆ ಗೊತ್ತಿದ್ದ ಗಟ್ಟಿ ಗಂಟು ಹಾಕಿ, ಕರಡಿಗೆಯನ್ನು ನನ್ನ ಕೊರಳಿಗೆ ಕಟ್ಟಿದರು. ಅವರ ಕೊರಳಲ್ಲಿ ಪುಟ್ಟ ಶಿಲುಬೆ ತೂಗುತ್ತಿತ್ತು. ಅದನ್ನು ಮುಟ್ಟು ಎಂದು ಅವರು ನನಗೆ ಯಾವತ್ತೂ ಹೇಳಲಿಲ್ಲ.

ಗುಣವಾದ ಮೇಲೆ, "ಮನ್ಯಾಗ ಕೂತು ಏನ ಮಾಡ್ತಿ? ಇಲ್ಲಿ ಕೆಲಸ ಕಲಿ" ಅಂದರು. ರಕ್ತ, ಮೈಲಿಗೆ, ಕಂಡವರ ಹೆರಿಗೆ ಎಂದು ಅತ್ತೆ ಒಪ್ಪಲಿಲ್ಲ. ಆಗಲೂ ಭಾವನೇ, "ಹೋಗಲಿ ಬಿಡವ್ವ, ಆಕೀನ ಉಳಿಸಿದಾಕಿ ಡಾಕ್ಟರಬಾಯಿ" ಅಂದರು. ಹಾಗೆ ನಾನು ದವಾಖಾನೆಯವಳಾದೆ. ಅಲ್ಲಿ ನಾವಿದ್ದದ್ದು ಮೂವರು: ಡಾಕ್ಟರಬಾಯಿ, ನಾನು, ಮತ್ತು ಬೀದರ ಕಡೆಯ ಕಂಪೌಂಡರ ಕಾಕಾ. ಕಾಕಾ ಕ್ರೈಸ್ತರು. ರವಿವಾರ ಡಾಕ್ಟರಬಾಯಿ ಅವರ ಮನೆಯವರ ಜೊತೆ ಕೂತು ಹಾಡುತ್ತಿದ್ದರು. ಊರಿನ ಒಬ್ಬರೂ ಆ ಹಾಡಿಗೆ ಹೋಗಿದ್ದನ್ನು ನಾನು ಕಂಡಿಲ್ಲ. ಇನ್ನೊಬ್ಬರನ್ನು ಹೇಳಬೇಕು, ಟಾಂಗಾದವ. ಊರಿನ ಮುಸಲ್ಮಾನ. ಸುತ್ತಲಿನ ಹಳ್ಳಿಗೆ ಹೆರಿಗೆಗೆ ಕರೆ ಬಂದರೆ ಹೊತ್ತು ನೋಡದೆ ಗಾಡಿ ಕಟ್ಟಿಕೊಂಡು ಬರುವವ. ಅವನಿಲ್ಲದಿದ್ದರೆ ನಮ್ಮ ಕೆಲಸ ಊರ ಸೀಮೆ ದಾಟುತ್ತಿರಲಿಲ್ಲ.

ನಿಜಾಮನ ರಾಜ್ಯದ ಕೊನೆಯ ವರ್ಷ ಅದು. ಅವನ ಪರ ಆಯುಧ ಹಿಡಿದ ರಜಾಕಾರರು ಸಡಕಿನ ಮೇಲೆ ಕವಾಯತು ಮಾಡುತ್ತ ಹೋದರೆ ಊರಿನ ಬಾಗಿಲೆಲ್ಲ ಮುಚ್ಚುತ್ತಿದ್ದವು. ಅವರು ಸುಟ್ಟ ಮನೆಗಳಿಂದ ಬಂದವರಿಗೆ ನಾನೇ ಮುಲಾಮು ಹಚ್ಚಿದ್ದೇನೆ. ಅವರು ಮಾಡಿದ್ದನ್ನು ಸಣ್ಣದು ಮಾಡುವ ಉದ್ದೇಶ ನನಗಿಲ್ಲ. ನಮ್ಮ ಭಾವ ಆ ಬೇಸಿಗೆಯಲ್ಲಿ ಮನೆ ಬಿಟ್ಟು, ಸೊಲ್ಲಾಪುರದ ಕಡೆ ಗಡಿಯಾಚೆ ಇದ್ದ ಹೋರಾಟಗಾರರ ಶಿಬಿರ ಸೇರಿದ್ದರು.

ಶ್ರಾವಣ ಮುಗಿದ ಮೇಲೆ ಒಂದು ಮಧ್ಯಾಹ್ನ ಜೋಳದ ಕಣಿಕೆ ಮೇವು ತುಂಬಿದ ಬಂಡಿಯೊಂದು ದವಾಖಾನೆಯ ಹಿಂದೆ ಬಂದು ನಿಂತಿತು. ಬಂಡಿಯವ ಕಣಿಕೆ ಸರಿಸಿದ. ಅಡಿಯಲ್ಲಿ ಭಾವ. ರಜಾಕಾರರ ಬರ್ಚಿ ಎನ್ನುವ ಈಟಿಯ ಏಟಿಗೆ ಹೊಟ್ಟೆ ಪಕ್ಕದಿಂದ ಪಕ್ಕಕ್ಕೆ ಸೀಳಿತ್ತು. ಧೋತರ ಸುತ್ತಿ ಬಿಗಿದಿದ್ದರು. ಧೋತರ ಬಿಚ್ಚಿದ ಕೂಡಲೇ ನನಗೆ ಕಣ್ಣು ಕತ್ತಲೆ ಬಂತು. ಡಾಕ್ಟರಬಾಯಿ ನನ್ನ ಭುಜ ಹಿಡಿದು ಅಲುಗಿಸಿ, "ಬೀಳೂದಿದ್ರ ಆಮ್ಯಾಲ ಬೀಳು. ಈಗ ಕೈ ತೊಳಕೊ" ಅಂದರು. ಹೊತ್ತು ಇಳಿಯುವ ತನಕ ಹೊಲಿದರು. ಅಷ್ಟು ಹೊತ್ತೂ ಭಾವನಿಗೆ ಬೈಯುತ್ತಲೇ ಇದ್ದರು, ಉಸಿರು ಬಿಡಬ್ಯಾಡ ಎಂದು ಮಗುವಿಗೆ ಗದರುವ ಹಾಗೆ. ಕಡೆಯ ಗಂಟು ಹಾಕಿ ಕತ್ತರಿ ಕೆಳಗಿಟ್ಟಾಗ ಅವರ ಬೆನ್ನು ಪೂರ್ತಿ ಬೆವೆತಿತ್ತು.

ಸುದ್ದಿ ನಿಲ್ಲಲಿಲ್ಲ. ಮರುದಿನ ಮುಂಜಾನೆ ರಜಾಕಾರರು ಬಂದರು. ಖಾಕಿ ಹಾಕಿದ ಗುಂಪು. ಮುಂದೆ ನಿಂತವನ ಸೊಂಟದಲ್ಲಿ ತಲವಾರು. ಕಂಪೌಂಡರ ಕಾಕಾ ಹಿಂದಿನಿಂದ, "ಒಳಗ ಯಾರೂ ಇಲ್ಲಂತ ಹೇಳ್ರಿ" ಎಂದು ಪಿಸುಗುಟ್ಟಿದರು. ಡಾಕ್ಟರಬಾಯಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಬಾಗಿಲಿಗೆ ಹೋಗಿ ಎರಡೂ ಕೈಯಿಂದ ಚೌಕಟ್ಟು ಹಿಡಿದು ನಿಂತರು.

"ಹೌದು. ಒಳಗ ಅದಾನ" ಅಂದರು. "ನಾ ಕೊಡಂಗಿಲ್ಲ. ಹೊಟ್ಟಿ ಹೊಲದೀನಿ. ಹೊಲಿಗಿ ಬಿಚ್ಚೂ ತನಕ ಅವ ನನ್ನವ."

ತಲವಾರಿನವನು ನಕ್ಕ. "ಔರ್ ಟಾಂಕೇ ಖುಲೇ ತೋ?" ಎಂದು ಕೇಳಿದ.

"ಬಿಚ್ಚಿದ ಮ್ಯಾಲ ಬಾ. ಆಗ ಮಾತಾಡೂಣು."

ಅವರಲ್ಲೊಬ್ಬನ ಹೆಂಡತಿಗೆ ಹಿಂದಿನ ತಿಂಗಳು ಇಲ್ಲೇ ಹೆರಿಗೆಯಾಗಿತ್ತು. ಅವನು ಮುಂದೆ ಬಂದು ತಲವಾರಿನವನ ಕಿವಿಯಲ್ಲಿ ಏನೋ ಹೇಳಿದ. ಅವರು ಬಹಳ ಹೊತ್ತು ನಿಂತರು, ಒಂದು ಕಿಟಕಿಯ ಗಾಜು ಒಡೆದರು, ಮತ್ತೆ ಬರುತ್ತೇವೆಂದು ಹೇಳಿ ಹೋದರು. ಭಾವ ಒಳಗೆ ಮಂಚದ ಮೇಲೆ ಎಲ್ಲವನ್ನೂ ಕೇಳುತ್ತ ಮಲಗಿದ್ದರು. ಡಾಕ್ಟರಬಾಯಿ ಒಳಗೆ ಬಂದಾಗ ಅವರ ಕೈ ಹಿಡಿದುಕೊಂಡು ಕಣ್ಣಿಗೊತ್ತಿಕೊಂಡರು. "ನೀವು ನನ್ನ ಹಡದವ್ವ" ಅಂದರು. ಇದು ನಾನು ಕಿವಿಯಾರೆ ಕೇಳಿದ ಮಾತು.

ಊರವರು ಆಗ ಏನೆಂದರು ಗೊತ್ತೆ? ದೇವಿ ಅಂದರು. ಹೆಂಗಸರು ಆರತಿ ತಟ್ಟೆ ತಂದರು. ಡಾಕ್ಟರಬಾಯಿ ಅವರನ್ನು ಹೊರಗೆ ಕಳಿಸಿ, ತಟ್ಟೆಯಲ್ಲಿದ್ದ ತೆಂಗಿನಕಾಯಿ ಮಾತ್ರ ಒಳಗೆ ಇಟ್ಟುಕೊಂಡರು. ಚಟ್ನಿಗೆ ಆಯಿತು ಅಂದರು.

ರಜಾಕಾರರು ತಿರುಗಿ ಬರಲಿಲ್ಲ. ಭಾವನ ಹೊಲಿಗೆ ಬಿಚ್ಚುವ ಮೊದಲೇ ಹಿಂದುಸ್ತಾನದ ಫೌಜು ಬಂತು. ಸಡಕಿನ ಮೇಲೆ ಲಾರಿಗಳು ಧೂಳೆಬ್ಬಿಸುತ್ತ ಹೋದವು. ನಿಜಾಮ ಸೋತ ಎಂದು ಊರಿಗೆ ಊರೇ ಬೀದಿಗೆ ಬಂತು. ಭಾವನನ್ನು ಬಂಡಿಯಲ್ಲಿ ಕೂರಿಸಿ, ಮಾಲೆ ಹಾಕಿ ಮನೆಗೆ ಮೆರವಣಿಗೆ ಮಾಡಿದರು. ಡಾಕ್ಟರಬಾಯಿ ಬಂಡಿಯ ಹಿಂದೆ ನಡೆಯುತ್ತ, "ಸಾವಕಾಶ ಹೊಡಿ, ಹೊಲಿಗಿ ಹರೀತದ" ಎಂದು ಕೂಗುತ್ತಿದ್ದರು. ಸೋಮವಾರ ಬಾ, ಬಿಚ್ಚುತ್ತೇನೆ ಎಂದು ಹೇಳಿ ಕಳಿಸಿದರು.

ಆ ಸೋಮವಾರ ಬರುವುದರೊಳಗೆ ಏನೇನು ಆಯಿತು ಎನ್ನುವುದನ್ನು ಈಗ ಯಾವ ಭಾಷಣದಲ್ಲೂ ಯಾರೂ ಹೇಳುವುದಿಲ್ಲ. ಮೊದಲು ಮುಸಲ್ಮಾನರ ಓಣಿಗೆ ಕಲ್ಲು ಬಿದ್ದವು. ಆಮೇಲೆ ಬೆಂಕಿ. ರಜಾಕಾರರಾಗಿದ್ದವರು ಮೊದಲೇ ಓಡಿಹೋಗಿದ್ದರು. ಸಿಕ್ಕಿದವರು ಓಡಿಹೋಗಲು ಕಾರಣವಿಲ್ಲದವರು, ತಾವೇನೂ ಮಾಡಿಲ್ಲವೆಂದು ಮನೆಯಲ್ಲೇ ಕೂತವರು. ಟಾಂಗಾದವನ ಗಾಡಿ ಸುಟ್ಟರು. ಅವನ ಭುಜಕ್ಕೆ ಕೊಡಲಿಯ ಏಟು ಬಿತ್ತು. ಹೆಂಡತಿಯೂ ಅವನ ತಾಯಿಯೂ ಸೇರಿ ಅವನನ್ನು ಕಂಬಳಿಯಲ್ಲಿ ಎಳೆದುಕೊಂಡು ದವಾಖಾನೆಗೆ ತಂದರು. ಭಾವ ಮಲಗಿದ್ದ ಮಂಚವೇ ಖಾಲಿ ಇತ್ತು. ಅದರ ಮೇಲೇ ಮಲಗಿಸಿದೆವು. ಡಾಕ್ಟರಬಾಯಿ ಮತ್ತೆ ಸೂಜಿ ಹಿಡಿದರು.

ಸೋಮವಾರ ಮುಂಜಾನೆ ನಾನು ಗಾಯದ ಬಟ್ಟೆಗಳನ್ನು ಕುದಿಸುತ್ತಿದ್ದೆ. ಹೊರಗೆ ಗದ್ದಲ ಕೇಳಿಸಿತು. ಈ ಸಲ ಖಾಕಿಯವರಲ್ಲ. ನಮ್ಮವರು. ಮುಖ ಗೊತ್ತಿದ್ದವರು. ನನ್ನ ಕೈಯಿಂದ ಔಷಧಿ ಕುಡಿದವರು. ಕೈಯಲ್ಲಿ ಕೊಡಲಿ, ಬಡಿಗೆ, ಕಲ್ಲು.

"ಟಾಂಗಾದವನ್ನ ಹೊರಗ ಕಳಸ್ರಿ" ಎಂದು ಒಬ್ಬ ಕೂಗಿದ. "ಅವ ಟಾಂಗಾದಾಗ ರಜಾಕಾರರನ್ನ ಕೂಡಿಸ್ಕೊಂಡು ತಿರುಗ್ಯಾನ."

ಡಾಕ್ಟರಬಾಯಿ ಬಾಗಿಲಿಗೆ ಹೋಗಿ ಅದೇ ರೀತಿ ಚೌಕಟ್ಟು ಹಿಡಿದು ನಿಂತರು. "ಅವ ಎಲ್ಲಾರನ್ನೂ ಕೂಡಿಸ್ಯಾನ. ನನ್ನ ಕೂಡಿಸ್ಯಾನ. ನಿನ್ನ ಹೆಂಡತೀನ ಹೆರಿಗಿಗೆ ತಂದಾವ ಯಾರು?" ಎಂದು ಆ ಕೂಗಿದವನನ್ನೇ ಕೇಳಿದರು. ಅವನು ಬಡಿಗೆಯನ್ನು ಇನ್ನೊಂದು ಕೈಗೆ ಬದಲಿಸಿದ. "ಒಳಗ ಅದಾನ. ನಾ ಕೊಡಂಗಿಲ್ಲ. ಹೊಲಿಗಿ ಬಿಚ್ಚೂ ತನಕ ಅವ ನನ್ನವ" ಅಂದರು. ಅದೇ ಮಾತು, ಒಂದಕ್ಷರ ಆಚೀಚೆಯಿಲ್ಲ. ಆದರೆ ಅಂದು ದೇವಿ ಅಂದವರೇ ಇಂದು ಬಾಯಿಗೆ ಬಂದದ್ದು ಅಂದರು. ಬಿಳೀ ರಂಡೆ ಅಂದರು.

ನಾನು ಅವರ ಹೆಗಲ ಹಿಂದಿನಿಂದ ಇಣುಕಿದೆ. ಬೇವಿನ ಗಿಡದ ಕೆಳಗೆ, ಗುಂಪಿನ ಕಟ್ಟಕಡೆಗೆ, ಹೊಸ ಬಿಳಿ ಅಂಗಿ ಹಾಕಿಕೊಂಡು ಭಾವ ನಿಂತಿದ್ದರು. ಒಂದು ಕೈ ಹೊಟ್ಟೆಯ ಮೇಲೆ. ಹೊಲಿಗೆ ಇನ್ನೂ ಒಳಗೇ ಇದ್ದವು. ಬಿಚ್ಚಿಸಿಕೊಳ್ಳಲೆಂದು ಬರುವಾಗ ಗುಂಪು ಸಿಕ್ಕಿತೋ, ಗುಂಪಿನ ಜೊತೆಗೇ ಬಂದರೋ ನನಗೆ ಗೊತ್ತಿಲ್ಲ. ನೆಲ ನೋಡುತ್ತಿದ್ದರು. ಆ ಹೊತ್ತಿಗೆ ಕಮಲಾಪುರದಲ್ಲಿ ಅವರ ಮಾತು ಮೀರುವವರು ಯಾರೂ ಇರಲಿಲ್ಲ. ರಜಾಕಾರರ ಕೈಯಿಂದ ಸತ್ತು ಬದುಕಿದ ಧೀರ ಅವರು. ಸುಮ್ಮನಿರ್ರಪ್ಪಾ ಎಂದು ಒಂದು ಮಾತು ಅಂದಿದ್ದರೆ ಸಾಕಿತ್ತು. ಅನ್ನುತ್ತಾರೆ, ಈಗ ಅನ್ನುತ್ತಾರೆ ಎಂದು ನಾನು ಅವರ ಬಾಯಿಯನ್ನೇ ನೋಡುತ್ತಿದ್ದೆ…

ಅನ್ನಲಿಲ್ಲ. ಕಲ್ಲು ಬಂತು. ಯಾರು ಒಗೆದರೋ ಕಾಣಲಿಲ್ಲ. ಚೌಕಟ್ಟು ಹಿಡಿದಿದ್ದ ಡಾಕ್ಟರಬಾಯಿಯ ಬಲಗೈಯ ಮಣಿಕಟ್ಟಿಗೆ ಬಡಿಯಿತು. ಎಲುಬು ಮುರಿದ ಸದ್ದು ನನಗೆ ಕೇಳಿಸಿತು. ಅವರು ಕಿರುಚಲಿಲ್ಲ. ಮುರಿದ ಕೈಯನ್ನು ಎಡಗೈಯಿಂದ ಎದೆಗೆ ಒತ್ತಿಕೊಂಡು ಹೊಸ್ತಿಲ ಮೇಲೆ ಅಡ್ಡ ಕೂತರು. ಒಳಗೆ ಹೋಗಬೇಕಾದರೆ ಅವರನ್ನು ದಾಟಿಯೇ ಹೋಗಬೇಕು, ಹಾಗೆ.

ನನಗೆ ಆಗ ಎಲ್ಲಿಂದ ಧೈರ್ಯ ಬಂತೋ. ಭಾವನ ಎದುರಿಗೆ ನಾನು ತಲೆ ಮೇಲಿನ ಸೆರಗು ಸರಿಸಿದವಳಲ್ಲ, ಅವರ ಜೊತೆ ಎದುರಾ ಎದುರು ನಿಂತು ಮಾತಾಡಿದವಳಲ್ಲ. ಡಾಕ್ಟರಬಾಯಿಯ ಪಕ್ಕಕ್ಕೆ ಬಂದು ನಿಂತು, ಎಲ್ಲರಿಗೂ ಕೇಳುವ ಹಾಗೆ ಅಂದೆ:

"ಭಾವಾರ, ಹೊಲಿಗಿ ಬಿಚ್ಚಿಸ್ಕೊಳ್ಳಾಕ ಬಂದೀರೇನ್ರೀ? ಒಳಗ ಬರ್ರಿ. ಡಾಕ್ಟರಬಾಯಿ ಕೈ ಮುರದದ. ನಾನೇ ಬಿಚ್ಚತೇನಿ."

ಗುಂಪಿನ ತಲೆಗಳೆಲ್ಲ ಒಮ್ಮೆಲೇ ಹಿಂದಕ್ಕೆ ತಿರುಗಿದವು. ಭಾವನ ಮುಖ ಬಿಳಿಚಿತು. ಬೆನ್ನು ತಿರುಗಿಸಿ, ಹೊಟ್ಟೆ ಹಿಡಿದುಕೊಂಡು, ಸಣ್ಣ ಹೆಜ್ಜೆ ಹಾಕುತ್ತ ಊರ ಕಡೆ ನಡೆದರು. ಅವರ ಹಿಂದೆ ಕೆಲವರು ಹೋದರು. ಇನ್ನು ಕೆಲವರು ಕಲ್ಲು ಕೆಳಗೆ ಹಾಕಿದರು. ಸ್ವಲ್ಪ ಹೊತ್ತಿಗೆ ಕೂಗುವವರ ಕೂಗಿಗೆ ಬಲ ಇಲ್ಲದಾಯಿತು. ಅಷ್ಟರಲ್ಲಿ ಫೌಜಿನ ಲಾರಿಯೊಂದು ಸಡಕಿನ ಮೇಲೆ ಕಾಣಿಸಿತು. ಉಳಿದವರೂ ಚದುರಿದರು.

ಕೇಳಿದವರು ಇದನ್ನು ಸಮಾಧಾನದ ಕಥೆ ಅಂದುಕೊಂಡಾರು. ನನಗೆ ಸಿಟ್ಟು ಬರುವುದೇ ಇಲ್ಲಿ. ಅವರು ಬೆನ್ನು ತಿರುಗಿಸಿದ್ದಕ್ಕೇ ಗುಂಪು ಕರಗಿತು. ಹಾಗಾದರೆ ಬಾಯಿ ತೆರೆದಿದ್ದರೆ? ಕಲ್ಲು ಬೀಳುವ ಮೊದಲು ತೆರೆದಿದ್ದರೆ?

ಮುರಿದ ಕೈ ಕೂರಿಸುವವರು ಊರಿನಲ್ಲಿ ಒಬ್ಬರೇ ಇದ್ದರು, ಅದು ಡಾಕ್ಟರಬಾಯಿಯೇ. ಅವರು ಹೇಳಿಕೊಟ್ಟ ಹಾಗೆ ಕಂಪೌಂಡರ ಕಾಕಾ ಎಳೆದು ಪಟ್ಟಿ ಕಟ್ಟಿದರು. ಕಾಕಾ ಅಳುತ್ತಿದ್ದರು, ಡಾಕ್ಟರಬಾಯಿ ಅವರನ್ನು ಗದರುತ್ತಿದ್ದರು. ಮರುದಿನ ಎದ್ದವರೇ ಮೊದಲು ಕೇಳಿದ್ದು, "ನಿಮ್ಮ ಭಾವ ಬಂದನೇನು? ಹೊಲಿಗಿ ಹಂಗೇ ಬಿಟ್ರ ಕೀವಾಗತದ" ಎಂದು. ಬರಲಿಲ್ಲ ಅಂದೆ. "ಹಂಗಾದ್ರ ನೀ ಹೋಗು. ಕತ್ತರಿ ಕುದಿಸಿ ಒಯ್ಯಿ" ಅಂದರು. ನಾನು ಹೋಗುವುದಿಲ್ಲ ಅಂದೆ. ಅವರು ಎಡಗೈಯಿಂದ ಕತ್ತರಿ ತೆಗೆದು ನನ್ನ ಕೈಗಿಟ್ಟರು. ಹೋದೆ.

ಭಾವ ಪಡಸಾಲೆಯಲ್ಲಿ ಮಲಗಿದ್ದರು. ಅತ್ತೆ ದೀಪದ ಗೂಡಿನ ಕೆಳಗೆ ಕೂತಿದ್ದರು. ನಾನು ಪಟ್ಟಿ ಬಿಚ್ಚಿ ಒಂದೊಂದೇ ದಾರ ಕತ್ತರಿಸಿ ಎಳೆಯತೊಡಗಿದೆ. ನಡುವೆ ಭಾವ ಸಣ್ಣ ದನಿಯಲ್ಲಿ ಅಂದರು:

"ನಾ ಕಲ್ಲು ಒಗದಿಲ್ಲ, ತಂಗೆವ್ವ."

"ಬಾಯಿ ಇತ್ತಲ್ರೀ ಭಾವಾರ" ಅಂದೆ.

"ಮಂದಿ ಸಿಟ್ಟಿನ್ಯಾಗ ಇದ್ರು. ನನ್ನೂ ಬಿಡತಿದ್ದಿಲ್ಲ."

"ಆಕಿ ಮುಂದ ನಿಂತ ರಜಾಕಾರರೂ ಸಿಟ್ಟಿನ್ಯಾಗೇ ಇದ್ರು."

ಅವರು ಕಣ್ಣು ಮುಚ್ಚಿದರು. ಕಡೆಯ ದಾರ ಎಳೆದು ನಾನು ಎದ್ದೆ. ಅತ್ತೆ ಎಂದಿನ ಹಾಗೆ, "ಉಂಡು ಹೋಗು" ಅನ್ನಲಿಲ್ಲ.

ಡಾಕ್ಟರಬಾಯಿಯ ಕೈ ಸೊಟ್ಟಗೇ ಕೂಡಿಕೊಂಡಿತು. ಬೆರಳು ಆಡುತ್ತಿದ್ದವು, ಆದರೆ ಸೂಜಿ ಹಿಡಿದರೆ ನಡುಗುತ್ತಿದ್ದವು. ಒಮ್ಮೆ ಸಿಟ್ಟು ಬಂದು ಸೂಜಿ, ಇಕ್ಕಳ, ತಟ್ಟೆ ಎಲ್ಲವನ್ನೂ ಗೋಡೆಗೆ ಒಗೆದರು. ಅವರನ್ನು ಸಂತಳು ಎಂದು ಯಾರಾದರೂ ಬರೆದರೆ ನಂಬಬೇಡಿ. ಸಿಟ್ಟು ಮಾಡುತ್ತಿದ್ದರು, ಅಳುತ್ತಿದ್ದರು, ನಮ್ಮ ಊರನ್ನು ನಮ್ಮದೇ ಬೈಗುಳದಲ್ಲಿ ಬೈಯುತ್ತಿದ್ದರು. ಆಮೇಲೆ ತಟ್ಟೆ ತಾವೇ ಎತ್ತಿ ತೊಳೆದು, ನನ್ನನ್ನು ಕರೆದು, "ಇನ್ನ ನಿನ್ನ ಕೈಲೇ ನಾ ಹೊಲೀತೀನಿ" ಅಂದರು. ಅಂದಿನಿಂದ ಅವರು ಹೇಳುವುದು, ನಾನು ಮಾಡುವುದು. ಟಾಂಗಾದವನ ಭುಜದ ಹೊಲಿಗೆ ಬಿಚ್ಚಿದ್ದೂ ನಾನೇ. ಅವನು ಬದುಕಿದ. ಹೆಂಡತಿ, ತಾಯಿಯನ್ನು ಕರೆದುಕೊಂಡು ಕಲಬುರಗಿಗೆ ಹೋದವನು ತಿರುಗಿ ಕಮಲಾಪುರದ ಕಡೆ ತಲೆ ಹಾಕಲಿಲ್ಲ.

ಇಲ್ಲಿಗೆ ಮುಗಿದಿದ್ದರೆ ಹೇಗೋ ನುಂಗಿಕೊಳ್ಳಬಹುದಿತ್ತು. ಹೈದರಾಬಾದಿನಿಂದ ಮಿಷನ್ನಿನ ದೊಡ್ಡವರೊಬ್ಬರು ಬಂದರು. ಅವರೂ ಹೊರದೇಶದವರೇ. ಕೈ ನೋಡಲು ಬಂದಿದ್ದಾರೆ ಎಂದು ನಾನು ಚಹಾ ಮಾಡಿಟ್ಟೆ. ಒಳಗೆ ಇಂಗ್ಲಿಷಿನಲ್ಲಿ ದೊಡ್ಡ ದನಿ. ಕಂಪೌಂಡರ ಕಾಕಾ ಬಾಗಿಲ ಹೊರಗೆ ನಿಂತು ಕೇಳಿಸಿಕೊಂಡು ನನಗೆ ಹೇಳಿದರು. ಇಷ್ಟು ವರ್ಷ ಇದ್ದು ಈ ಊರಿನಲ್ಲಿ ಒಬ್ಬರನ್ನೂ ಕ್ರಿಸ್ತನ ಕಡೆ ತರಲಿಲ್ಲ, ಬರೀ ಗಾಯ ಹೊಲಿಯುವುದಕ್ಕೆ ನಿಮ್ಮನ್ನು ಇಷ್ಟು ದೂರ ಕಳಿಸಿದ್ದೇವೆಯೇ ಎಂದು ಅವರು ಕೇಳುತ್ತಿದ್ದರಂತೆ. ಡಾಕ್ಟರಬಾಯಿ ಏನೆಂದರು ಎಂದು ಕೇಳಿದೆ. "ಹೌದು ಅಂದ್ರವ್ವಾ. ಅದಕ್ಕೇ ಬಂದೀನಿ ಅಂದ್ರು" ಎಂದರು ಕಾಕಾ.

ಅದಾದ ಕೆಲವೇ ವಾರಕ್ಕೆ ಹೊಸ ಸರಕಾರದ ಸಾಹೇಬರು ಕಮಲಾಪುರಕ್ಕೆ ಬಂದು ಚಾವಡಿಯಲ್ಲಿ ಕೂತರು. ಊರ ಹಿರಿಯರ ದೂರು ಏನಿತ್ತು ಗೊತ್ತೆ? ಈ ಬಾಯಿ ಔಷಧಿಯ ನೆವದಲ್ಲಿ ಜನರ ಜಾತಿ ಕೆಡಿಸುತ್ತಿದ್ದಾಳೆ, ಮತಾಂತರ ಮಾಡುತ್ತಿದ್ದಾಳೆ, ರಜಾಕಾರರನ್ನು ಅಡಗಿಸಿಟ್ಟಿದ್ದಳು, ಈಕೆ ಇಲ್ಲಿ ಬೇಡ. ಒಬ್ಬರನ್ನೂ ಮತಾಂತರ ಮಾಡಲಿಲ್ಲವೆಂದು ಅತ್ತ ಮಿಷನ್ನಿನವರ ಸಿಟ್ಟು. ಎಲ್ಲರನ್ನೂ ಮಾಡುತ್ತಿದ್ದಾಳೆಂದು ಇತ್ತ ಊರವರ ದೂರು. ನನಗೆ ನಗಬೇಕೋ ಕಲ್ಲು ತೆಗೆದುಕೊಳ್ಳಬೇಕೋ ತಿಳಿಯಲಿಲ್ಲ.

ಡಾಕ್ಟರಬಾಯಿಯ ಜೊತೆ ನಾನೂ ಕಾಕಾನೂ ಚಾವಡಿಗೆ ಹೋಗಿದ್ದೆವು. ಸಾಹೇಬರು ಭಾವನ ಕಡೆ ತಿರುಗಿ, "ನೀವು ಹೋರಾಟಗಾರರು, ನೀವು ಹೇಳಿ" ಅಂದರು. ಭಾವ ಎದ್ದು ನಿಂತರು. ಡಾಕ್ಟರಬಾಯಿ ಅವರನ್ನೇ ನೋಡುತ್ತಿದ್ದರು. ಭಾವ ಅವರ ಕಡೆ ನೋಡದೆ, "ಹಿರ್‍ಯಾರು ಹೇಳಿದ್ದು ಖರೇ ಅದರೀ" ಅಂದರು. ಅಷ್ಟೇ. ಮತ್ತೆ ಕೂತರು.

ನಾನು ಮುಂದೆ ಹೋದೆ. "ಸುಳ್ಳರೀ ಸಾಹೇಬ್ರ" ಅಂದೆ. ಕೊರಳ ಕರಡಿಗೆಯನ್ನು ಸೆರಗಿನಿಂದ ಹೊರತೆಗೆದು ಹಿಡಿದೆ. "ನಾ ಸಾಯಾಕ ಬಿದ್ದಾಗ ಈ ಲಿಂಗದ ದಾರ ಹರದಿತ್ತು. ಗಾಯ ಹೊಲಿಯೂ ದಾರಲೇ ಕಟ್ಟಿ ಕೊರಳಿಗಿ ಹಾಕಿದಾಕಿ ಈಕಿ. ಜಾತಿ ಕೆಡಸಾಕಿ ಹಿಂಗ ಮಾಡ್ತಾಳೇನ್ರೀ?"

ಸಾಹೇಬರು ಕರಡಿಗೆ ನೋಡಿದರು, ಆ ಕಪ್ಪು ರೇಷ್ಮೆ ದಾರ ನೋಡಿದರು. ಆಮೇಲೆ ಸಣ್ಣಗೆ ನಕ್ಕು, "ಯಾರ ಮನೆಯ ಹೆಣ್ಣುಮಗಳು ಈಕೆ? ಮನೆಗೆ ಕರೆದುಕೊಂಡು ಹೋಗಿ" ಅಂದರು. ಸಿಟ್ಟಿನ ದನಿಯಲ್ಲಲ್ಲ, ಮೃದುವಾಗಿಯೇ ಅಂದರು. ಆ ಮೃದುತನ ನನಗೆ ಇವತ್ತಿಗೂ ಉರಿಯುತ್ತದೆ.

ಅಂದು ಸಂಜೆ ಭಾವ ಮನೆಯಲ್ಲಿ, ದವಾಖಾನೆ ಬೇಕೋ ಮನೆ ಬೇಕೋ ನೋಡಿಕೋ ಅಂದರು. ನಾನು ನನ್ನ ಎರಡು ಸೀರೆ ತೆಗೆದುಕೊಂಡು ದವಾಖಾನೆಗೆ ಬಂದೆ.

ಡಾಕ್ಟರಬಾಯಿಗೆ ಹೊರಡಲು ಹುಕುಂ ಬಂತು. ಮಿಷನ್ನಿನವರು ಅದನ್ನು ತಡೆಯಲು ಬೆರಳೆತ್ತಲಿಲ್ಲ. ಅವರಿಗೂ ಬೇಕಾಗಿದ್ದದ್ದು ಅದೇ. ಹೊರಡುವ ಮೊದಲು ಡಾಕ್ಟರಬಾಯಿ ಹೈದರಾಬಾದಿನ ಒಂದು ಆಸ್ಪತ್ರೆಯಲ್ಲಿ ನನಗೆ ನರ್ಸಿನ ಕಲಿಕೆಗೆ ಜಾಗ ಮಾಡಿಸಿದರು. ಕಲಬುರಗಿ ಸ್ಟೇಷನ್ನಿನಲ್ಲಿ ಅವರನ್ನು ಕಳಿಸಲು ಬಂದವರು ನಾನು, ಕಾಕಾ, ಮತ್ತು ಎಲ್ಲಿಂದ ಸುದ್ದಿ ತಿಳಿಯಿತೋ, ಆ ಟಾಂಗಾದವ. ಕಮಲಾಪುರದಿಂದ ಇನ್ನೊಬ್ಬ ನರಪಿಳ್ಳೆ ಬರಲಿಲ್ಲ. ರೈಲು ಬರುವುದು ತಡವಾಗಿತ್ತು. ಡಾಕ್ಟರಬಾಯಿ ಟ್ರಂಕಿನ ಮೇಲೆ ಕೂತು ಸೊಟ್ಟ ಕೈ ಸವರಿಕೊಳ್ಳುತ್ತ ಅಂದರು, "ನಾ ಇಲ್ಲೇ ಸಾಯಬೇಕಂತ ಮಾಡಿದ್ದೆ. ಅದಕ್ಕೂ ಬಿಡಲಿಲ್ಲ ನೋಡು ನಿಮ್ಮೂರು." ರೈಲು ಬಂದಾಗ ಅವರು ಅಳಲಿಲ್ಲ. ಕಿಟಕಿಯಿಂದ ಕೈ ಹೊರಹಾಕಿ, ಹೆರಿಗೆ ಕೋಣೆಯ ತಗಡು ಸೋರುತ್ತದೆ, ಕಾಕಾನಿಗೆ ಹೇಳಿ ಡಾಂಬರು ಹಚ್ಚಿಸು ಅಂದರು. ಅಷ್ಟೇ ಅವರ ಕೊನೆಯ ಮಾತು…

ದವಾಖಾನೆಗೆ ಬೇರೆ ಡಾಕ್ಟರು ಬರಲಿಲ್ಲ. ಬಾಗಿಲು ಹಾಕಿತು. ಆಮೇಲೆ ಎಷ್ಟು ಬಾಣಂತಿಯರು ಕಲಬುರಗಿಯ ದಾರಿಯಲ್ಲೇ ಪ್ರಾಣ ಬಿಟ್ಟರೋ, ಆ ಲೆಕ್ಕ ಯಾವ ಹಿರಿಯರೂ ಇಡಲಿಲ್ಲ.

ನಾನು ಕಲಿತು ಬಂದೆ. ಕಲಬುರಗಿಯ ಸರಕಾರಿ ಆಸ್ಪತ್ರೆಯಲ್ಲಿ ಕೂದಲು ಹಣ್ಣಾಗುವ ತನಕ ದುಡಿದು, ಐವಾನ್-ಎ-ಶಾಹಿ ಬಡಾವಣೆಯ ಕಡೆ ಒಂದು ಸಣ್ಣ ಮನೆ ಮಾಡಿಕೊಂಡೆ. ಭಾವ ದೊಡ್ಡವರಾದರು. ಹಾರ, ಸನ್ಮಾನ, ಸ್ವಾತಂತ್ರ್ಯ ಯೋಧರ ಪಿಂಚಣಿ, ಊರಿಗೊಂದು ಅವರ ಹೆಸರಿನ ಕಮಾನು. ತೀರಿಕೊಂಡಾಗ ಧ್ವಜ ಹೊದಿಸಿದರು, ಪೊಲೀಸರು ಬಂದೂಕು ಹಾರಿಸಿದರು. ಅಷ್ಟು ವರ್ಷದ ಮೇಲೆ ನಾನು ಆ ಮನೆಯ ಹೊಸ್ತಿಲು ತುಳಿದೆ. ಹೆಣದ ಮೈ ತೊಳೆಯುವಾಗ ಹೊಟ್ಟೆಯ ಮೇಲಿನ ಗಾಯದ ಗೆರೆ ಕಂಡಿತು. ಕೌದಿಯ ಹೊಲಿಗೆಯ ಹಾಗೆ ನೆಟ್ಟಗೆ, ಸಮನಾಗಿ, ಮುದಿ ಚರ್ಮದಲ್ಲೂ ಅಳಿಸದೆ ಉಳಿದಿತ್ತು. ಹೊರಗೆ ಭಾಷಣ ಮಾಡುತ್ತಿದ್ದವರೊಬ್ಬರು ಅದೇ ಗಾಯವನ್ನು ಹೊಗಳುತ್ತಿದ್ದರು. ಯಾರ ಬರ್ಚಿ ಆ ಗಾಯ ಮಾಡಿತು ಎಂದು ಹೇಳಿದರು. ಯಾರ ಕೈ ಅದನ್ನು ಹೊಲಿಯಿತು ಎಂದು ಹೇಳಲಿಲ್ಲ. ಅವರಿಗೆ ಗೊತ್ತೇ ಇರಲಿಲ್ಲ. ಭಾವ ಯಾರಿಗೂ ಹೇಳಿರಲಿಲ್ಲ.

ಡಾಕ್ಟರಬಾಯಿ ಅದಕ್ಕೂ ಬಹಳ ಮೊದಲೇ ಹೋಗಿದ್ದರು. ತಮ್ಮ ದೇಶದಲ್ಲಿ, ಯಾವುದೋ ವೃದ್ಧಾಶ್ರಮದಲ್ಲಿ ತೀರಿಕೊಂಡರೆಂದು ಕಂಪೌಂಡರ ಕಾಕಾನ ಮಗಳಿಂದ ತಿಳಿಯಿತು. ಯಾವ ಊರು, ಎಲ್ಲಿ ಮಣ್ಣು ಮಾಡಿದರು ಎಂದು ಅವಳಿಗೂ ಗೊತ್ತಿರಲಿಲ್ಲ. ಈಗ ಕೇಳೋಣವೆಂದರೆ ಅವಳೂ ಇಲ್ಲ.

ಸೂಪರ್ ಮಾರ್ಕೆಟ್ಟಿಗೆ ಹೋಗಿ ಬಂದ ಮೇಲೆ ಮನಸ್ಸು ನಿಲ್ಲಲಿಲ್ಲ. ನಿನ್ನೆ ಒಬ್ಬಳೇ ಬಸ್ಸು ಹತ್ತಿ ಕಮಲಾಪುರಕ್ಕೆ ಹೋದೆ. ದವಾಖಾನೆ ಇದ್ದ ಜಾಗದಲ್ಲಿ ಈಗ ಸಾಲಾಗಿ ಅಂಗಡಿ. ಟಾಯರ್ ಅಂಗಡಿಯವನೊಬ್ಬ ನಾನು ಅತ್ತಿತ್ತ ನೋಡುವುದನ್ನು ಕಂಡು ಕುರ್ಚಿ ಹಾಕಿದ. ಒಳ್ಳೆಯ ಮನುಷ್ಯನ ಹಾಗೆ ಕಂಡ. ಇಲ್ಲೊಂದು ದವಾಖಾನೆ ಇತ್ತಲ್ಲಪ್ಪಾ ಎಂದು ಕೇಳಿದೆ.

"ಇತ್ತಂತ್ರೀ. ಒಬ್ಬಾಕಿ ಬಿಳೀ ಹೆಂಗಸು ಇದ್ದಳಂತ. ಮಂದೀನೆಲ್ಲ ಮತಾಂತರ ಮಾಡಾಕ ಬಂದಿದ್ದಳಂತ. ನಮ್ಮ ಹಿರ್‍ಯಾರು ಓಡಿಸಿದ್ರಂತ" ಅಂದ.

"ಯಾರು ಹೇಳಿದ್ರು ನಿನಗ?"

"ಎಲ್ಲಾರೂ ಅಂತಾರ್ರೀ."

ಯಾವ ಮನೆಯವನು ಎಂದು ಕೇಳಿದೆ. ಬಡಿಗೇರ ಓಣಿ ಅಂದ, ಅಜ್ಜನ ಹೆಸರು ಹೇಳಿದ. ನನಗೆ ಆ ಮನೆ ಗೊತ್ತಿತ್ತು. ಅವನ ಅಜ್ಜಿಯೂ ಗೊತ್ತಿದ್ದಳು.

"ನಿಮ್ಮಪ್ಪ ಹೊಟ್ಟ್ಯಾಗ ಅಡ್ಡ ಮಲಗಿದ್ದ" ಅಂದೆ. "ನಿಮ್ಮಜ್ಜಿ ಆಸೆ ಬಿಟ್ಟಿದ್ದಳು. ಡಾಕ್ಟರಬಾಯಿ ಕೈ ಹಾಕಿ ಕೂಸನ್ನ ತಿರುಗಿಸಿ ಹೊರಗ ತೆಗದ್ರು. ಇಲ್ಲೇ, ನೀ ಟಾಯರ್ ಒಟ್ಟೀಯಲ್ಲ, ಅಲ್ಲೇ ಹೆರಿಗಿ ಕೋಣಿ ಇತ್ತು. ಕೂಸಿನ ಮೈ ಒರೆಸಿದಾಕಿ ನಾನು."

ಅವನು ಟಾಯರುಗಳ ಕಡೆ ನೋಡಿದ. ನನ್ನ ಕಡೆ ನೋಡಿದ. ಕೈ ಒರೆಸಿಕೊಂಡ.

"ಹಂಗಾದ್ರ ಛಲೋ ಹೆಂಗಸೇ ಇರಬೇಕು ಬಿಡ್ರೀ" ಅಂದ.

"ಇರಬೇಕು ಅಲ್ಲಪ್ಪಾ" ಅಂದೆ. "ಇದ್ದಳು."

ಕಲಬುರಗಿಯ ಬಸ್ಸು ಬಂತು. ಅವನು ನನ್ನ ಕೈ ಹಿಡಿದು ಹತ್ತಿಸಿದ.